ಸಹಾಯಾರ್ಥ: ಟಿಕೆಟ್ ಪುಸ್ತಕದಿಂದ ಲೆಕ್ಕಪತ್ರದವರೆಗೆ



ನಮ್ಮ ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಎಷ್ಟೊಂದು ಸಂಘ, ಸಮಾಜ, ಸಮಿತಿ, ಮಂಡಳಿಗಳ ಫಲಕಗಳು ಕಣ್ಣಿಗೆ ಬೀಳುತ್ತವೆ. ಬಡ ಮಕ್ಕಳ ವಿದ್ಯಾರ್ಥಿನಿಲಯ, ವಾಚನಾಲಯ, ಮಹಿಳಾ ಸಮಾಜ, ಸಂಗೀತ ಸಭೆ, ಉಚಿತ ಚಿಕಿತ್ಸಾಲಯ, ಹೀಗೆ. ಸರ್ಕಾರದ ಅನುದಾನ ಸಿಗುವುದು ಇವುಗಳಲ್ಲಿ ಕೆಲವಕ್ಕೆ ಮಾತ್ರ. ಉಳಿದವು ನಡೆಯುವುದು ನಾಲ್ಕು ಜನರ ಓಡಾಟ, ನಾನೂರು ಜನರ ದೇಣಿಗೆಯಿಂದ. ಆ ದೇಣಿಗೆ ಕೂಡಿಸಲು ನಮ್ಮ ಹಿರಿಯರು ರೂಢಿಗೆ ತಂದ ದಾರಿಯೇ ಸಹಾಯಾರ್ಥ ಕಾರ್ಯಕ್ರಮ. ಒಂದು ನಾಟಕ, ಒಂದು ಸಂಗೀತ ಕಚೇರಿ, ಒಂದು ನೃತ್ಯ ಪ್ರದರ್ಶನ. ಅದರಿಂದ ಬಂದ ಉತ್ಪನ್ನ ಒಂದು ಒಳ್ಳೆಯ ಕೆಲಸಕ್ಕೆ. ಇಂಥ ಕಾರ್ಯಕ್ರಮವನ್ನು ಯೋಜಿಸುವುದು ಹೇಗೆ, ಅದರಲ್ಲಿ ಹಣ ಉಳಿಯುವುದೆಲ್ಲಿ, ಸೋರಿಹೋಗುವುದೆಲ್ಲಿ ಎಂಬುದರ ಬಗ್ಗೆ ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಇಂಥ ಸಮಿತಿಗಳಲ್ಲಿ ಖಜಾಂಚಿಯ ಕುರ್ಚಿಯಲ್ಲಿ ಕೂತವನ ಮಾತುಗಳಿವು. ಆದ್ದರಿಂದ ರಾಗ ತಾಳಕ್ಕಿಂತ ರಸೀತಿ ಪುಸ್ತಕದ ಸುದ್ದಿಯೇ ಹೆಚ್ಚು.

ಮೊದಲು ನಮ್ಮ ಬೆನ್ನಿಗಿರುವ ಪರಂಪರೆ. ಚಾಮರಾಜಪೇಟೆಯ ಶ್ರೀರಾಮ ಸೇವಾ ಮಂಡಳಿ ರಾಮನವಮಿ ಸಂಗೀತೋತ್ಸವವನ್ನು ಆರಂಭಿಸಿದ್ದು 1939ರಲ್ಲಿ. ಅದರ ಹಿಂದಿದ್ದವರು ಎಸ್.ವಿ. ನಾರಾಯಣಸ್ವಾಮಿ ರಾಯರು. ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಪೆಂಡಾಲು ಹಾಕಿ, ಹೆಚ್ಚುಕಡಿಮೆ ಒಂದು ತಿಂಗಳು ಕಚೇರಿ ನಡೆಸುವುದೆಂದರೆ ಹುಡುಗಾಟವಲ್ಲ. ಸೆಮ್ಮಂಗುಡಿ, ಎಂ.ಎಸ್. ಸುಬ್ಬುಲಕ್ಷ್ಮಿ, ಭೀಮಸೇನ ಜೋಶಿ, ಬಿಸ್ಮಿಲ್ಲಾ ಖಾನ್ ಅಂಥವರು ಆ ವೇದಿಕೆಗೆ ಬಂದರು. ಒಳಗೆ ಕೂತವರು ಟಿಕೆಟ್ ಕೊಂಡವರು, ಸೀಸನ್ ಪಾಸ್ ಪಡೆದವರು. ಹೊರಗೆ ರಸ್ತೆಯ ಬದಿಯಲ್ಲಿ ಪೇಪರ್ ಹಾಸಿಕೊಂಡು ಕೂತು ಬಿಟ್ಟಿಯಾಗಿ ಕೇಳಿದವರೂ ಉಂಟು. ಅವರನ್ನು ಯಾರೂ ಓಡಿಸಲಿಲ್ಲ. ಒಂದು ಸಂಸ್ಥೆ ಇಷ್ಟು ದಶಕ ನಿಲ್ಲುವುದು ಒಳಗಿನ ಟಿಕೆಟ್ಟಿನ ಹಣದ ಜೊತೆಗೆ ಹೊರಗಿನವರ ಪ್ರೀತಿಯ ಬಲದಿಂದಲೂ. ಹೊರಗೆ ಕೂತು ಕೇಳಿದ ಹುಡುಗ ನೌಕರಿ ಸಿಕ್ಕ ಮೇಲೆ ಪಾಸ್ ಕೊಳ್ಳುತ್ತಾನೆ, ಇನ್ನೂ ಹತ್ತು ವರ್ಷ ಕಳೆದರೆ ದಾನಿಗಳ ಪಟ್ಟಿಯಲ್ಲಿ ಅವನ ಹೆಸರಿರುತ್ತದೆ.

ಸುಬ್ಬುಲಕ್ಷ್ಮಿಯವರ ಮಾತು ಬಂತಲ್ಲ. 1944ರಲ್ಲಿ ಕಸ್ತೂರಬಾ ಸ್ಮಾರಕ ನಿಧಿಗಾಗಿ ಹಾಡಿದಂದಿನಿಂದ ಅವರು ಆಸ್ಪತ್ರೆ, ಶಾಲೆ, ದೇವಾಲಯಗಳಿಗೆಂದು ಕೊಟ್ಟ ಸಹಾಯಾರ್ಥ ಕಚೇರಿಗಳು ಲೆಕ್ಕವಿಲ್ಲದಷ್ಟು. 1974ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಸಾರ್ವಜನಿಕ ಸೇವೆಯ ವಿಭಾಗದಲ್ಲಿ ಎಂಬುದನ್ನು ಗಮನಿಸಿ. ಹಾಡಿಕೆಯೇ ಅಲ್ಲಿ ಸೇವೆಯಾಗಿ ಗಣನೆಗೆ ಬಂತು. ನಮ್ಮ ವೃತ್ತಿ ನಾಟಕ ಕಂಪನಿಗಳೂ ಬೀಡುಬಿಟ್ಟ ಊರಿನಲ್ಲಿ ಶಾಲೆಗೋ ದೇವಸ್ಥಾನಕ್ಕೋ ಒಂದು ರಾತ್ರಿಯ ಉತ್ಪನ್ನ ಬಿಟ್ಟುಕೊಡುತ್ತಿದ್ದವು. ಡಾ. ರಾಜ್‌ಕುಮಾರ್ ಅವರ ರಸಮಂಜರಿ ಕಾರ್ಯಕ್ರಮಗಳಿಂದ ಎಷ್ಟೋ ಸತ್ಕಾರ್ಯಗಳಿಗೆ ನೆರವು ಸಿಕ್ಕಿತು.

ಇನ್ನೊಂದು ಬಗೆ ನಿಧಿ ಸಮರ್ಪಣೆ. ಡಿ.ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ನರಸಿಂಹರಾಜ ಕಾಲೋನಿಯಲ್ಲಿ ಅದು ಇಂದಿಗೂ ಉಪನ್ಯಾಸ, ಅಧ್ಯಯನ ನಡೆಸುತ್ತಿದೆ. ಡಿ.ವಿ.ಜಿ. ಅವರ ಇಳಿವಯಸ್ಸಿನಲ್ಲಿ ಅವರನ್ನು ಸನ್ಮಾನಿಸಿ ಒಂದು ದೊಡ್ಡ ನಿಧಿಯನ್ನು ಅರ್ಪಿಸಲಾಯಿತು. ಅವರು ಅದನ್ನು ಹಾಗೆ ಹಾಗೆಯೇ ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. ಕೊಟ್ಟವರಿಗೆ ಅದಕ್ಕಿಂತ ದೊಡ್ಡ ಲೆಕ್ಕಪತ್ರ ಯಾವುದಿದ್ದೀತು?

ಇನ್ನು ಇಂದಿನ ಸಮಿತಿಗೆ ಬರೋಣ. ಮೊದಲ ಸಭೆ ಕೂಡುತ್ತದೆ, ಕಾಫಿ ಬರುತ್ತದೆ. ಕಾಫಿ ಆರುವ ಮೊದಲೇ ಏಳುವ ಪ್ರಶ್ನೆ, "ಯಾರನ್ನು ಕರೆಸೋಣ?" ಒಬ್ಬರು ಹಿನ್ನೆಲೆ ಗಾಯಕರ ಹೆಸರು ಹೇಳುತ್ತಾರೆ, ಇನ್ನೊಬ್ಬರಿಗೆ ಹಾಸ್ಯೋತ್ಸವ ಬೇಕು, ಮತ್ತೊಬ್ಬರ ಭಾವಮೈದುನರಿಗೆ ಒಬ್ಬ ನಟರ ಪರಿಚಯವಿದೆ. ಸಂಜೆಯೆಲ್ಲ ಅದರಲ್ಲೇ ಕಳೆಯುತ್ತದೆ. ಕೇಳಬೇಕಾದ ಮೊದಲ ಪ್ರಶ್ನೆಗಳು ಬೇರೆ: ಯಾವ ಕೆಲಸಕ್ಕೆ ಹಣ ಬೇಕು? ಎಷ್ಟು ಬೇಕು? ಯಾವಾಗ ಬೇಕು? "ಸಂಸ್ಥೆಯ ಅಭಿವೃದ್ಧಿಗಾಗಿ" ಎಂದರೆ ಯಾರ ಜೇಬೂ ತೆರೆಯುವುದಿಲ್ಲ. "ಹಾಸ್ಟೆಲಿನ ನಲವತ್ತು ಮಕ್ಕಳಿಗೆ ಒಂದು ವರ್ಷದ ಅಕ್ಕಿ, ಬೇಳೆ, ಹಾಲಿಗೆ ಮೂರು ಲಕ್ಷ ಕೊರತೆ ಬಿದ್ದಿದೆ" ಎಂದು ಹೇಳಿ ನೋಡಿ. ಎದುರಿನವರು ಮನಸ್ಸಿನಲ್ಲೇ ಭಾಗಾಕಾರ ಮಾಡಲು ಶುರು ಮಾಡುತ್ತಾರೆ. ಒಂದು ಮಗುವಿಗೆ ಏಳೂವರೆ ಸಾವಿರ, ಅಂದರೆ ನಾನು ಒಬ್ಬರದ್ದು ವಹಿಸಿಕೊಳ್ಳಬಹುದು ಎಂದುಕೊಳ್ಳುತ್ತಾರೆ.

ಆ ಮೂರು ಲಕ್ಷವನ್ನೇ ಇಟ್ಟುಕೊಂಡು ಒಂದು ಲೆಕ್ಕ ಹಾಕೋಣ. ಇದು ಉದಾಹರಣೆಗೆ ಹೇಳುವ ಲೆಕ್ಕ. ನಿಮ್ಮ ಬಡಾವಣೆಯ ದರಗಳನ್ನು ನೀವು ತುಂಬಿಕೊಳ್ಳಿ. ಐನೂರು ಆಸನದ ಸಭಾಂಗಣ. ಕಲಾವಿದರ ಮನೆಯವರು, ಪತ್ರಿಕೆಯವರು, ಸ್ವಯಂಸೇವಕರಿಗೆ ಐವತ್ತು ಕಳೆದರೆ ಮಾರಾಟಕ್ಕೆ ಉಳಿಯುವುದು ನಾನೂರ ಐವತ್ತು. ಮುಂದಿನ ನೂರು ಆಸನಕ್ಕೆ 500 ರೂಪಾಯಿ, ನಡುವಿನ ಇನ್ನೂರಕ್ಕೆ 300, ಹಿಂದಿನ ನೂರೈವತ್ತಕ್ಕೆ 100. ಒಂದು ಟಿಕೆಟ್ಟೂ ಉಳಿಯದೆ ಮಾರಾಟವಾದರೆ ಬರುವುದು 1,25,000 ರೂಪಾಯಿ. ಈಗ ಖರ್ಚು. ಸಭಾಂಗಣದ ಬಾಡಿಗೆ, ವಿದ್ಯುತ್, ಸ್ವಚ್ಛತೆಗೆ 30,000. ಮುಖ್ಯ ಕಲಾವಿದರು ಮತ್ತು ಪಕ್ಕವಾದ್ಯದವರ ಸಂಭಾವನೆ 50,000. ಮೈಕು, ದೀಪದ ವ್ಯವಸ್ಥೆ 15,000. ಆಹ್ವಾನ ಪತ್ರಿಕೆ, ಟಿಕೆಟ್, ಬ್ಯಾನರ್ ಅಚ್ಚಿಗೆ 10,000. ಹಾರ, ಶಾಲು, ಫಲತಾಂಬೂಲ, ತಿಂಡಿ, ಕಾಫಿ, ಓಡಾಟಕ್ಕೆ 15,000. ಕೂಡಿದರೆ 1,20,000. ಉಳಿದದ್ದು ಐದು ಸಾವಿರ!

ಹೌಸ್‌ಫುಲ್ ಫಲಕ ಹಾಕಿದ ಕಾರ್ಯಕ್ರಮದ ಗತಿ ಇದು. ಇದನ್ನು ಮೊದಲೇ ಕಾಗದದ ಮೇಲೆ ಬರೆದು ನೋಡದ ಸಮಿತಿಗಳು ಕೊನೆಗೆ ಪದಾಧಿಕಾರಿಗಳ ಕೈಯಿಂದಲೇ ಸಾಲ ತೀರಿಸುತ್ತವೆ.

ಹಾಗಾದರೆ ಮೂರು ಲಕ್ಷ ಎಲ್ಲಿಂದ? ಸ್ಮರಣ ಸಂಚಿಕೆ ತಂದು, ಮೂವತ್ತು ಜಾಹೀರಾತು, ಸರಾಸರಿ ನಾಲ್ಕು ಸಾವಿರದಂತೆ ಎಂದು ಹಿಡಿಯಿರಿ: 1,20,000. ಅಚ್ಚಿನ ಖರ್ಚು 45,000 ಹೋದರೆ 75,000 ಉಳಿಯಿತು. ಟಿಕೆಟ್ಟಿನ ಐದು ಸಾವಿರ ಸೇರಿ 80,000. ಇನ್ನು ಬೇಕಾದ್ದು 2,20,000. ಒಬ್ಬರು ಐವತ್ತು ಸಾವಿರ ಕೊಡಲಿ, ಮೂವರು ಇಪ್ಪತ್ತೈದು ಸಾವಿರದಂತೆ, ಐವರು ಹತ್ತು ಸಾವಿರದಂತೆ, ಒಂಬತ್ತು ಜನ ಐದೈದು ಸಾವಿರ ಕೊಡಲಿ. ಕೂಡಿ ನೋಡಿ, ಸರಿಯಾಗಿ 2,20,000. ಹದಿನೆಂಟು ಜನ!

ಈ ಲೆಕ್ಕ ತೋರಿಸಿದಾಗ ಸಮಿತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಹದಿನೆಂಟು ಮನೆ ಬಾಗಿಲಿಗೆ ಹೋದರೆ ಮುಗೀತಲ್ಲ ಸ್ವಾಮಿ, ಈ ಕಾರ್ಯಕ್ರಮದ ತಾಪತ್ರಯ ಯಾಕೆ?" ಒಳ್ಳೆಯ ಪ್ರಶ್ನೆ. ಉತ್ತರ ಇಷ್ಟೇ: ಆ ಹದಿನೆಂಟು ಜನ ಆಕಾಶದಿಂದ ಇಳಿಯುವುದಿಲ್ಲ. ಐದು ವರ್ಷದ ಹಿಂದೆ ನೂರು ರೂಪಾಯಿ ಟಿಕೆಟ್ ಕೊಂಡು ಹಿಂದಿನ ಸಾಲಿನಲ್ಲಿ ಕೂತವರಲ್ಲಿಯೇ ಅವರು ಸಿಗುತ್ತಾರೆ. ಸಂಸ್ಥೆಯ ಮಕ್ಕಳನ್ನು ಅವರು ಕಣ್ಣಾರೆ ಕಂಡಿದ್ದಾರೆ, ಕಾರ್ಯದರ್ಶಿಯ ಮುಖಪರಿಚಯ ಅವರಿಗಿದೆ, ಹಿಂದಿನ ವರ್ಷದ ಲೆಕ್ಕ ಓದಿದ್ದಾರೆ. ಆದ್ದರಿಂದ ಸಹಾಯಾರ್ಥ ಕಾರ್ಯಕ್ರಮದ ಮುಖ್ಯ ಕೆಲಸ ಊರಿನ ಮುಂದೆ ಸಂಸ್ಥೆ ತನ್ನ ಲೆಕ್ಕ ಒಪ್ಪಿಸುವುದು. ಹಣವನ್ನು ಬೇರೆಯಾಗಿ, ಬಾಯಿಬಿಟ್ಟು, ಮನೆಗೆ ಹೋಗಿ ಕೇಳಬೇಕು. ಅದೂ ದೀಪ ಬೆಳಗುವ ದಿನಕ್ಕೆ ಮುಂಚೆ. ಸಾಧ್ಯವಾದರೆ ಕಾರ್ಯಕ್ರಮದ ಖರ್ಚನ್ನು ಪೂರ್ತಿಯಾಗಿ ಒಬ್ಬಿಬ್ಬರು ಪ್ರಾಯೋಜಕರಿಗೆ ವಹಿಸಿಬಿಡಿ. ಆಗ "ನೀವು ಕೊಟ್ಟ ಪ್ರತಿ ರೂಪಾಯಿಯೂ ಮಕ್ಕಳ ಊಟಕ್ಕೆ" ಎಂದು ಟಿಕೆಟ್ಟಿನ ಮೇಲೆ ಧೈರ್ಯವಾಗಿ ಅಚ್ಚು ಹಾಕಿಸಬಹುದು.

ಟಿಕೆಟ್ ಎಂದೆ. ಈಗ ಆನ್‌ಲೈನಿನಲ್ಲಿ ಎಲ್ಲವೂ ಸಿಗುತ್ತದೆ, ನಿಜ. ಆದರೂ ನಮ್ಮ ಬಡಾವಣೆಗಳಲ್ಲಿ ಟಿಕೆಟ್ ಪುಸ್ತಕದ ಕಾಲ ಮುಗಿದಿಲ್ಲ. ಇಪ್ಪತ್ತೈದು ಹಾಳೆಯ ಪುಸ್ತಕ, ಪ್ರತಿ ಹಾಳೆಗೂ ಕ್ರಮಸಂಖ್ಯೆ, ಹರಿದುಕೊಟ್ಟ ಮೇಲೆ ಪುಸ್ತಕದಲ್ಲೇ ಉಳಿಯುವ ಕೌಂಟರ್‌ಫಾಯಿಲ್. ಆ ಪುಟ್ಟ ಚೀಟಿಯಲ್ಲಿ ಕೊಂಡವರ ಹೆಸರು, ಫೋನ್ ನಂಬರು ಬರೆಯಲೇಬೇಕು. ಬಹಳ ಜನ ಅಲ್ಲಿ ಬರೀ "ರಾವ್, 2" ಎಂದು ಗೀಚಿರುತ್ತಾರೆ. ಬಸವನಗುಡಿಯಲ್ಲಿ ಯಾವ ರಾವ್ ಎಂದು ಹುಡುಕುವುದು? ಮುಂದಿನ ವರ್ಷ ಯಾರ ಮನೆಗೆ ಹೋಗಬೇಕು ಎಂಬುದಕ್ಕೆ ಆ ಕೌಂಟರ್‌ಫಾಯಿಲ್‌ಗಳೇ ಪಟ್ಟಿ. ಪುಸ್ತಕ ಯಾರಿಗೆ ಯಾವ ದಿನ ಕೊಟ್ಟೆವು, ಯಾವ ಸಂಖ್ಯೆಯಿಂದ ಯಾವ ಸಂಖ್ಯೆವರೆಗೆ ಎಂದು ಖಜಾಂಚಿಯ ನೋಟ್‌ಬುಕ್ಕಿನಲ್ಲಿ ಸಹಿ ಹಾಕಿಸಿಕೊಳ್ಳಿ. ಕಾರ್ಯಕ್ರಮಕ್ಕೆ ಒಂದು ವಾರ ಮುಂಚೆ ಎಲ್ಲ ಪುಸ್ತಕಗಳೂ, ಮಾರಿದ್ದಾಗಲಿ ಮಾರದ್ದಾಗಲಿ, ಹಿಂದಕ್ಕೆ ಬರಬೇಕು. "ನನ್ನ ಹತ್ತಿರ ಇನ್ನೂ ಹತ್ತು ಇದೆ, ಆ ದಿನ ಬಾಗಿಲಲ್ಲೇ ಮಾರ್ತೀನಿ ಬಿಡಿ" ಎಂಬ ಮಾತಿಗೆ ಒಪ್ಪಿದರೆ ಖಾಲಿ ಕುರ್ಚಿ ಖಂಡಿತ. ಇನ್ನು ಕ್ಯೂಆರ್ ಕೋಡ್ ಅಂಟಿಸುವುದಾದರೆ ಅದು ಸಂಸ್ಥೆಯ ಬ್ಯಾಂಕ್ ಖಾತೆಯದ್ದಾಗಿರಬೇಕು. ಕಾರ್ಯದರ್ಶಿಯ ಸ್ವಂತ ಖಾತೆಗೆ ಹಣ ಬರುವುದು, ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಒಳ್ಳೆಯದಲ್ಲ.

ಸ್ಮರಣ ಸಂಚಿಕೆಯ ವಿಷಯಕ್ಕೆ ಬರುತ್ತೇನೆ. ಗಾಂಧಿ ಬಜಾರಿನ ಒಂದು ಜವಳಿ ಅಂಗಡಿಗೆ ಜಾಹೀರಾತು ಕೇಳಲು ಹೋಗಿದ್ದಾಗ ಯಜಮಾನರು ಕೂರಿಸಿ ನೀರು ಕೊಟ್ಟು ಹೇಳಿದರು: "ಕೊಡೋಣ ಸಾರ್, ಇಲ್ಲ ಅನ್ನಲ್ಲ. ಆದ್ರೆ ಹೋದ ವರ್ಷ ಇನ್ನೊಂದು ಸಂಘದವರು ಅರ್ಧ ಪೇಜಿಗೆ ದುಡ್ಡು ಇಸ್ಕೊಂಡು ಹೋದ್ರು. ಪುಸ್ತಕ ಅಚ್ಚಾಯ್ತೋ ಇಲ್ವೋ, ನನ್ನ ಕಣ್ಣಿಗಂತೂ ಬೀಳ್ಲಿಲ್ಲ." ಅವರ ದೂರು ನೂರಕ್ಕೆ ನೂರು ನ್ಯಾಯ. ಜಾಹೀರಾತು ಕೊಟ್ಟವರಿಗೆ ರಸೀತಿ, ಅಚ್ಚಿಗೆ ಮುಂಚೆ ಪ್ರೂಫ್, ಅಚ್ಚಾದ ಮೇಲೆ ಎರಡು ಪ್ರತಿ, ಕಾರ್ಯಕ್ರಮಕ್ಕೆ ಎರಡು ಪಾಸು, ಇಷ್ಟನ್ನೂ ಒಬ್ಬರೇ ಹೊಣೆ ಹೊತ್ತು ತಲುಪಿಸಬೇಕು. ಅಂಗಡಿಯವರ ಬಳಿಗೆ ಹೋಗುವ ಹೊತ್ತೂ ಮುಖ್ಯ. ವರಮಹಾಲಕ್ಷ್ಮಿ, ದೀಪಾವಳಿ ವ್ಯಾಪಾರದ ನಡುವೆ ಹೋಗಿ ನಿಂತರೆ ಅವರು ನಿಮ್ಮ ಮುಖವನ್ನೂ ನೋಡಲಾರರು. ಹಬ್ಬ ಕಳೆದ ವಾರ, ಬೆಳಗ್ಗೆ ಅಂಗಡಿ ತೆರೆದು ಪೂಜೆ ಮುಗಿದ ಮೇಲೆ, ಬೋಣಿಗೆ ಆದ ಬಳಿಕ ಹೋಗಿ.

ದಿನ ಗೊತ್ತುಮಾಡುವುದು ನಮ್ಮ ಊರಿನಲ್ಲಿ ಒಂದು ದೊಡ್ಡ ವಿದ್ಯೆ. ರಾಮನವಮಿಯ ತಿಂಗಳಲ್ಲಿ ಸಂಗೀತ ಕೇಳುವವರೆಲ್ಲ ಕೋಟೆ ಮೈದಾನದ ಕಡೆ ಇರುತ್ತಾರೆ. ಗಣೇಶನ ಹಬ್ಬದ ಸುಮಾರಿನಲ್ಲಿ ಬೀದಿಗೊಂದು ಆರ್ಕೆಸ್ಟ್ರಾ. ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ. ಆ ದಿನಗಳಲ್ಲಿ ಬುಲ್ ಟೆಂಪಲ್ ರಸ್ತೆಯಲ್ಲಿ ಕಾರು ಹೋಗಲಿ, ಮನುಷ್ಯ ನಡೆಯುವುದೇ ಕಷ್ಟ. ಡಿಸೆಂಬರಿನಲ್ಲಿ ಕರ್ನಾಟಕ ಸಂಗೀತದ ದೊಡ್ಡ ಕಲಾವಿದರೆಲ್ಲ ಚೆನ್ನೈ ಸೇರಿರುತ್ತಾರೆ. ಮಾರ್ಚಿನಲ್ಲಿ ಮಕ್ಕಳ ಪರೀಕ್ಷೆ. ಆಷಾಢವನ್ನು ಜನ ಬಿಟ್ಟುಬಿಡುತ್ತಾರೆ. ನನ್ನ ಸಲಹೆ ಕೇಳಿದರೆ ಆಷಾಢವೇ ವಾಸಿ. ಮದುವೆಗಳಿಲ್ಲದ್ದರಿಂದ ಕಲ್ಯಾಣ ಮಂಟಪಗಳು ಖಾಲಿ, ಬಾಡಿಗೆಯಲ್ಲಿ ಚೌಕಾಸಿಗೆ ಅವಕಾಶವುಂಟು, ಅಡುಗೆಯವರೂ ಶಾಮಿಯಾನದವರೂ ಬಿಡುವಾಗಿರುತ್ತಾರೆ. ಶುಭಕಾರ್ಯ ಬೇಡ ಎನ್ನುವವರು ಕೂಡ ಹಾಡು ಕೇಳಲು ಬೇಡ ಎನ್ನುವುದಿಲ್ಲ. ಮಳೆಗೆ ಮಾತ್ರ ಸಿದ್ಧರಿರಬೇಕು.

ಸಭಾಂಗಣವನ್ನು ನಿಮ್ಮ ಅಳತೆಗೆ ಆರಿಸಿ. ಮಲ್ಲೇಶ್ವರದ ಬಳಿಯ ಚೌಡಯ್ಯ ಸ್ಮಾರಕ ಭವನ, ಕೆ.ಕೆ. ಮೂರ್ತಿಯವರ ಸಾಹಸದಿಂದ ಎದ್ದು 1980ರಲ್ಲಿ ತೆರೆದದ್ದು, ಪಿಟೀಲಿನ ಆಕಾರದ ಸೊಗಸಾದ ಕಟ್ಟಡ. ಸಾವಿರಕ್ಕೂ ಮೇಲೆ ಆಸನ. ಅಲ್ಲಿ ನಾನೂರು ಜನ ಕೂತರೆ ಸಭಾಂಗಣ ಬಿಕೋ ಎನ್ನುತ್ತದೆ, ಹಾಡುವವರ ಉತ್ಸಾಹವೂ ಇಳಿಯುತ್ತದೆ. ಅದೇ ನಾನೂರು ಜನ ಸಣ್ಣ ಸಭಾಂಗಣದಲ್ಲಿ ತುಂಬಿದರೆ "ಜಾಗವೇ ಇರಲಿಲ್ಲ ಕಣ್ರೀ" ಎಂಬ ಸುದ್ದಿ ಮರುದಿನ ಬೆಳಗಿನ ವಾಕಿಂಗಿನಲ್ಲಿ ಲಾಲ್‌ಬಾಗ್ ಪೂರ್ತಿ ಹಬ್ಬಿರುತ್ತದೆ. ಆಹ್ವಾನ ಪತ್ರಿಕೆಯಲ್ಲಿ ಹತ್ತಿರದ ಮೆಟ್ರೋ ನಿಲ್ದಾಣದ ಹೆಸರು ಹಾಕಿ. ಬಸವನಗುಡಿಗೆ ನ್ಯಾಷನಲ್ ಕಾಲೇಜು, ಮಲ್ಲೇಶ್ವರಕ್ಕೆ ಸಂಪಿಗೆ ರಸ್ತೆ, ಕೋಟೆ ಮೈದಾನಕ್ಕೆ ಕೃಷ್ಣರಾಜ ಮಾರುಕಟ್ಟೆ. ಕಾರು ನಿಲ್ಲಿಸಲು ಜಾಗವಿಲ್ಲವೆಂದು ಹಿಂದೆಗೆಯುವ ಹಿರಿಯರು ಅದನ್ನು ನೋಡಿಯೇ ಹೊರಡುತ್ತಾರೆ.

ಇನ್ನು ಕಾರ್ಯಕ್ರಮದ ಸಂಜೆ. ಹೇಳಿದ ಹೊತ್ತಿಗೆ ಆರಂಭಿಸಿ. ಮುಖ್ಯ ಅತಿಥಿಗಳು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾರೆಂದು ಐನೂರು ಜನರನ್ನು ಮುಕ್ಕಾಲು ಗಂಟೆ ಕಾಯಿಸುವುದು ದುಡ್ಡು ಕೊಟ್ಟವರಿಗೆ ಮಾಡುವ ಅವಮಾನ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಸನ್ಮಾನ, ಅಧ್ಯಕ್ಷ ಭಾಷಣ, ವಂದನಾರ್ಪಣೆ ಎಂಬ ಮೆರವಣಿಗೆಯನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ. ನಡುವೆ ಐದೇ ನಿಮಿಷ ಸಂಸ್ಥೆಯ ಮಾತಿಗಿರಲಿ, ಅದನ್ನು ಸಂಸ್ಥೆಯಿಂದ ಪ್ರಯೋಜನ ಪಡೆದವರೊಬ್ಬರು ಆಡಲಿ. ಹಾಸ್ಟೆಲಿನಲ್ಲಿದ್ದು ಓದಿ ಈಗ ಕೆಲಸದಲ್ಲಿರುವ ಹುಡುಗಿಯೊಬ್ಬಳು ತನ್ನ ಮಾತಿನಲ್ಲಿ ಹೇಳುವುದಕ್ಕೆ ಅಧ್ಯಕ್ಷರ ಭಾಷಣ ಸಾಟಿಯಲ್ಲ. ಆದರೆ ಈಗ ಓದುತ್ತಿರುವ ಪುಟ್ಟ ಮಕ್ಕಳನ್ನು ವೇದಿಕೆಗೆ ತಂದು ಅವರ ಬಡತನವನ್ನು ಮೈಕಿನಲ್ಲಿ ಸಾರಬೇಡಿ. ಸಹಾಯ ಕೇಳುವ ಅವಸರದಲ್ಲಿ ಮಗುವಿನ ಮಾನ ಕಳೆಯಬಾರದು. ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂಬ ನಿಯಮ ಗೊತ್ತೇ ಇದೆ. ಪೆಂಡಾಲಿನಲ್ಲಿ ನಡೆಸುವವರು ಒಂಬತ್ತೂವರೆಗೆ ಮಂಗಳ ಹಾಡಿಸಿಬಿಡಿ.

ಕಾನೂನಿನ ಎರಡು ಮಾತು. 80ಜಿ ಎಂದು ಎಲ್ಲರೂ ಕರೆಯುವ ತೆರಿಗೆ ರಿಯಾಯಿತಿಯ ಆಸೆ ತೋರಿಸುವ ಮುಂಚೆ ನಿಮ್ಮ ಸಂಸ್ಥೆಗೆ ಆ ಮಾನ್ಯತೆ ಚಾಲ್ತಿಯಲ್ಲಿದೆಯೇ ನೋಡಿಕೊಳ್ಳಿ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಆ ರಿಯಾಯಿತಿ ಇಲ್ಲ, ಚೆಕ್ ಅಥವಾ ಬ್ಯಾಂಕ್ ಮೂಲಕವೇ ಬರಬೇಕು. ತೆರಿಗೆಯ ಹೊಸ ಪದ್ಧತಿ ಆರಿಸಿಕೊಂಡವರಿಗೂ ಅದು ಸಿಗದು. ಹಾಡು ಕೇಳಲು ಕೊಂಡ ಟಿಕೆಟ್ಟನ್ನು ದೇಣಿಗೆ ಎಂದು ರಸೀತಿ ಬರೆಯುವುದು ಸರಿಯಲ್ಲ. ಎರಡಕ್ಕೂ ಬೇರೆ ಬೇರೆ ಪುಸ್ತಕವಿರಲಿ. ಅಮೆರಿಕದಲ್ಲಿರುವ ಮಗ, ಸೊಸೆ ಕಳಿಸುವ ಹಣದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅವರು ಭಾರತೀಯ ಪೌರರಾಗಿಯೇ ಇದ್ದರೆ, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡಬಹುದು. ಅಲ್ಲಿಯ ಪೌರತ್ವ ಪಡೆದಿದ್ದರೆ ಅದು ವಿದೇಶಿ ದೇಣಿಗೆ, ಕೇಂದ್ರ ಸರ್ಕಾರದ ಪ್ರತ್ಯೇಕ ನೋಂದಣಿಯಿಲ್ಲದೆ ಮುಟ್ಟುವಂತಿಲ್ಲ. ಲಕ್ಕಿ ಡಿಪ್ ಕೂಪನ್ ಮಾರುವ ಯೋಚನೆ ಬಂದರೆ ಮೊದಲು ವಕೀಲರನ್ನು ಕೇಳಿ. ನಮ್ಮ ರಾಜ್ಯದಲ್ಲಿ 2007ರಿಂದ ಲಾಟರಿಗೆ ನಿಷೇಧವಿದೆ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಕಾರ್ಯಕ್ರಮದ ಮರುದಿನ ಶುರುವಾಗುವ ಕೆಲಸ. ಹಾರ ಬಾಡುವ ಮುಂಚೆಯೇ ಸಮಿತಿಯವರು ಚದುರಿಹೋಗುತ್ತಾರೆ. ಬಾಕಿ ಬಿಲ್ಲುಗಳು ಖಜಾಂಚಿಯ ಜೇಬಿನಲ್ಲಿ ಉಳಿಯುತ್ತವೆ. ಹಾಗಾಗಬಾರದು. ಒಂದು ತಿಂಗಳೊಳಗೆ ಒಂದೇ ಹಾಳೆಯ ಲೆಕ್ಕಪತ್ರ ಸಿದ್ಧವಾಗಬೇಕು: ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು, ಉಳಿದದ್ದು ಯಾವ ಕೆಲಸಕ್ಕೆ ಹೋಯಿತು. ಅದು ಐವತ್ತು ಸಾವಿರ ಕೊಟ್ಟವರಿಗೂ ನೂರು ರೂಪಾಯಿ ಟಿಕೆಟ್ ಕೊಂಡವರಿಗೂ ಒಂದೇ ರೀತಿ ತಲುಪಬೇಕು. ವಾಟ್ಸಾಪಿನಲ್ಲಿ ಕಳಿಸಿ, ಹಿರಿಯರಿಗೆ ಅಂಚೆಯಲ್ಲಿ ಕಳಿಸಿ, ಕಚೇರಿಯ ಗೋಡೆಗೆ ಅಂಟಿಸಿ. ಅಂದುಕೊಂಡಷ್ಟು ಹಣ ಬರದಿದ್ದರೆ ಅದನ್ನೂ ಬರೆಯಿರಿ. ಕಡಿಮೆ ಬಂದದ್ದಕ್ಕೆ ಯಾರೂ ಬೈಯುವುದಿಲ್ಲ, ಲೆಕ್ಕ ಹೇಳದಿದ್ದರೆ ಮಾತ್ರ ಮುಂದಿನ ವರ್ಷ ಬಾಗಿಲು ತೆರೆಯುವುದಿಲ್ಲ.

ಕೇಳುಗರೇ, ನಿಮ್ಮಲ್ಲಿ ಸಮಿತಿಗಳನ್ನು ನಡೆಸುವವರಿದ್ದರೆ ನನ್ನ ಕೋರಿಕೆ ಇದು: ಮುಂದಿನ ಸಭೆಯಲ್ಲಿ ಕಲಾವಿದರ ಹೆಸರು ಎತ್ತುವ ಮುನ್ನ ಹೋದ ವರ್ಷದ ಲೆಕ್ಕಪತ್ರ ಕಳಿಸಿದೆವೇ ಎಂದು ಕೇಳಿಕೊಳ್ಳಿ. ಟಿಕೆಟ್ ಕೊಳ್ಳುವವರಿಗೂ ಒಂದು ಮಾತು. ಮನೆ ಬಾಗಿಲಿಗೆ ಬಂದವರಿಂದ ಎರಡು ಟಿಕೆಟ್ ಕೊಂಡು ಡ್ರಾಯರಿಗೆ ಹಾಕಿ ಮರೆಯಬೇಡಿ. ಆ ಸಂಜೆ ಹೋಗಿ ಕೂತು ಕೇಳಿ, ತಿಂಗಳಾದ ಮೇಲೆ "ಲೆಕ್ಕ ಎಲ್ಲಿ?" ಎಂದು ಸಂಕೋಚವಿಲ್ಲದೆ ವಿಚಾರಿಸಿ. ಹಾಗೆ ವಿಚಾರಿಸುವವರು ಇರುವವರೆಗೂ ನಮ್ಮ ಸಂಘ ಸಂಸ್ಥೆಗಳು ನೆಟ್ಟಗೆ ನಡೆಯುತ್ತವೆ.